ಕ್ಯೂಆರ್ ಚೀಟಿ ಕೊಟ್ಟು ಬಂದೆವು, ಆಮೇಲೆ?

ಕಳೆದ ಕಾರ್ತಿಕದಲ್ಲಿ ನಾವು ಐದು ಜನ ಗೂಳೂರಿಗೆ ಹೋಗಿ 64 ಮಂದಿಗೆ ಕ್ಯೂಆರ್ ಕೋಡ್ ಇರುವ ಆರೋಗ್ಯ ಚೀಟಿ ಹಂಚಿ ಬಂದೆವು. ಅದರ ಫೋಟೊ ನಮ್ಮೆಲ್ಲರ ಸ್ಟೇಟಸ್‌ನಲ್ಲಿತ್ತು, ನೀವೂ ನೋಡಿರ್ತೀರಿ. ಆ ಚೀಟಿಗಳಲ್ಲಿ ಒಂದೂ ಈಗ ಕೆಲಸ ಮಾಡುವುದಿಲ್ಲ. ಈ ಸುದ್ದಿಯನ್ನು ಯಾರೂ ಸ್ಟೇಟಸ್‌ಗೆ ಹಾಕಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಗೂಳೂರು ನೋಡಿರದ ಫಸ್ಟ್ ಇಯರ್‌ನವರಿಗೆ ಒಂದು ಮಾತು. ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಐದಾರು ಕಿಲೋಮೀಟರ್. ಊರಿಗೆ ಹೆಸರು ಬಂದಿರುವುದು ಗಣಪನಿಂದ. ಬೇರೆ ಊರುಗಳಲ್ಲಿ ಗಣೇಶ ಚೌತಿ ಮುಗಿಸಿ ನೀರಿಗೆ ಬಿಡುವ ಹೊತ್ತಿಗೆ ಇಲ್ಲಿ ಕೆರೆಯ ಜೇಡಿಮಣ್ಣು ತಂದು ಆಳೆತ್ತರಕ್ಕಿಂತ ದೊಡ್ಡ ಗಣಪನನ್ನು ಮಾಡೋಕೆ ಕೂತಿರುತ್ತಾರೆ. ಬಲಿಪಾಡ್ಯಮಿಗೆ ಪೂಜೆ ಶುರುವಾಗಿ ಕಾರ್ತಿಕವಿಡೀ ನಡೆಯುತ್ತೆ, ಆಮೇಲೆ ಜಾತ್ರೆ, ಅದೇ ಕೆರೆಗೆ ವಿಸರ್ಜನೆ. ದುಡಿಯಲು ಹೊರಗೆ ಹೋದವರೂ ಒಂದು ಸಲವಾದರೂ ಊರಿಗೆ ಬಂದು ಹೋಗುವ ತಿಂಗಳು ಅದು. ನಮ್ಮಲ್ಲೊಬ್ಬನ ಊರೂ ಅದೇ ಆದ್ದರಿಂದ, ಪ್ರಾಜೆಕ್ಟಿಗೆ ಅಲ್ಲೇ ಹೋಗೋಣ ಅಂತ ಆಯ್ತು.

ಹಿಂದಿನ ದಿನವೇ ಮನೆಮನೆಗೆ ಹೋಗಿ ಹೇಳಿದ್ದರಿಂದ ಜನ ತಮ್ಮ ಆಸ್ಪತ್ರೆ ಕಾಗದಗಳನ್ನು ತಂದಿದ್ದರು. ತಂದದ್ದು ಹೇಗೆ ಅಂದ್ರೆ, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ, ಯಾವುದೋ ಮದುವೆಯಲ್ಲಿ ತಾಂಬೂಲ ಹಾಕಿ ಕೊಟ್ಟ ಚೀಲದಲ್ಲಿ. ಒಳಗೆ ನಾಲ್ಕು ಮಡಿಕೆ ಮಡಚಿದ ಡಿಸ್ಚಾರ್ಜ್ ಕಾಗದ, ಎಕ್ಸ್‌ರೇ ಫಿಲ್ಮು, ಮಗಳ ಹಳೇ ತಾಯಿ ಕಾರ್ಡು, ಮಧ್ಯೆ ರೇಷನ್ ಕಾರ್ಡಿನ ಜೆರಾಕ್ಸು. ಇಸಿಜಿ ಪಟ್ಟಿಗಳಲ್ಲಿ ಕೆಲವು ಹಳೇ ಬಸ್ ಟಿಕೆಟ್ಟಿನ ಹಾಗೆ ಬಿಳಿಚಿಕೊಂಡು ಗೆರೆಯೇ ಕಾಣುತ್ತಿರಲಿಲ್ಲ. ಅದು ಥರ್ಮಲ್ ಪೇಪರ್. ಬಿಸಿಲು, ಶಾಖ ತಾಗಿದರೆ ಅದರ ಆಯಸ್ಸು ಅಷ್ಟೇ. ಇದನ್ನೆಲ್ಲ ನೋಡಿ ನಮಗೆ ಒಳಗೊಳಗೇ ಖುಷಿಯಾಯಿತು ಅಂತ ಒಪ್ಪಿಕೊಳ್ಳಬೇಕು. ಪ್ರಾಬ್ಲಮ್ ಸ್ಟೇಟ್‌ಮೆಂಟ್ ಕಣ್ಣೆದುರಿಗೇ ಚೀಲದಲ್ಲಿ ಕೂತಿತ್ತಲ್ಲ.

ಅದರಲ್ಲಿರುವುದನ್ನು ಫಾರ್ಮಿಗೆ ತುಂಬಿದೆವು, ಅಲ್ಲೇ ಪ್ರಿಂಟ್ ತೆಗೆದೆವು, ಲ್ಯಾಮಿನೇಷನ್ ಮಾಡಿ ಕೊಟ್ಟೆವು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಎಷ್ಟು ದುಡ್ಡು ಹಾಕ್ಬೇಕಪ್ಪ?" ಅಂದರು. ಅವರು ಆವರೆಗೆ ಕಂಡ ಕ್ಯೂಆರ್ ಎಲ್ಲ ಅಂಗಡಿ ಗಲ್ಲದ ಮುಂದಿನದ್ದು. ನಾವು ನಕ್ಕು ಹೇಳಿದ ಮಾತು ಇದು: "ಇದು ದುಡ್ಡಿಂದಲ್ಲ ಅಜ್ಜಿ. ಡಾಕ್ಟ್ರಿಗೆ ತೋರಿಸಿ ಸಾಕು, ಇನ್ಮೇಲೆ ಆ ಚೀಲ ಹೊತ್ಕೊಂಡು ಓಡಾಡ್ಬೇಡಿ."

ಅವರು ನಮ್ಮ ಮಾತು ನಂಬಿದರು.

ಫೆಬ್ರವರಿಯಲ್ಲಿ ಅವರಿಗೆ ದವಡೆ ಹಲ್ಲು ನೋವು ಬಂತು. ಸೊಸೆ ಜೊತೆ ತುಮಕೂರಿಗೆ ಬಂದು ಹಲ್ಲಿನ ಡಾಕ್ಟ್ರ ಹತ್ತಿರ ಹೋದರು. ಬೇರೆ ಏನಾದರೂ ಕಾಯಿಲೆ ಇದೆಯಾ, ಮಾತ್ರೆ ತಗೊಳ್ತೀರಾ ಅಂತ ಕೇಳಿದ್ದಕ್ಕೆ, "ಹಾರ್ಟಿಂದು ಆಪರೇಶನ್ ಆಗೈತೆ, ಎಲ್ಲ ಇದ್ರಲ್ಲೈತೆ ನೋಡಿ ಸ್ವಾಮಿ" ಅಂತ ನಮ್ಮ ಚೀಟಿ ಕೊಟ್ಟರು. ಡಾಕ್ಟ್ರು ಸ್ಕ್ಯಾನ್ ಮಾಡಿದರು. ಪುಟ ಸಿಗಲಿಲ್ಲ ಅಂತ ಬಂತು. ಇನ್ನೊಂದು ಸಲ ಮಾಡಿದರು, ಅದೇ ಬಂತು. ಚೀಲ ಮನೆಯಲ್ಲಿತ್ತು.

ಆ ಅಜ್ಜಿಗೆ ಹೃದಯದ ಕವಾಟ ಬದಲಾಯಿಸಿ ಲೋಹದ್ದು ಹಾಕಿದ್ದಾರೆ. ಅಂಥವರು ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ವಾರ್ಫರಿನ್ ಥರದ ಮಾತ್ರೆ ತಗೋಬೇಕು. ಆ ಮಾತ್ರೆ ತಗೊಳ್ಳುವವರ ಹಲ್ಲು ಕೀಳುವ ಮುಂಚೆ ರಕ್ತ ಎಷ್ಟು ತೆಳುವಾಗಿದೆ ಅನ್ನುವ ಐಎನ್‌ಆರ್ ಪರೀಕ್ಷೆ ನೋಡಬೇಕು, ಇಲ್ಲದಿದ್ದರೆ ರಕ್ತ ನಿಲ್ಲಿಸುವುದೇ ಕಷ್ಟವಾಗಬಹುದು. ಕೃತಕ ಕವಾಟ ಇದ್ದವರಿಗೆ ಸೋಂಕು ಹೃದಯಕ್ಕೆ ತಗಲದಿರಲಿ ಅಂತ ಮೊದಲೇ ಆಂಟಿಬಯಾಟಿಕ್ ಕೊಡುವ ಪದ್ಧತಿಯೂ ಇದೆ. ಎರಡನ್ನೂ ನಮ್ಮ ಫಾರ್ಮಿನಲ್ಲಿ ನಾವೇ ಟೈಪ್ ಮಾಡಿದ್ದೆವು. ಎರಡೂ ಡಾಕ್ಟ್ರಿಗೆ ಸಿಗಲಿಲ್ಲ.

ಪುಣ್ಯಕ್ಕೆ ಡಾಕ್ಟ್ರು ಅವಸರದವರಲ್ಲ. ಈಗ ತಗೊಳ್ತಿರೋ ಮಾತ್ರೆ ಏನಾದ್ರೂ ಇದೆಯಾ ಅಂತ ಮತ್ತೆ ಕೇಳಿದಾಗ ಅಜ್ಜಿ ಎಲೆಯಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿ ಪಕ್ಕದಿಂದ ಕತ್ತರಿಸಿದ ಅರ್ಧ ಸ್ಟ್ರಿಪ್ ತೆಗೆದುಕೊಟ್ಟರಂತೆ. ಹೆಸರಿನ ಕೊನೆಯ ಮೂರು ನಾಲ್ಕು ಅಕ್ಷರ ಅದರಲ್ಲಿ ಉಳಿದಿತ್ತು. ಅಷ್ಟರಿಂದ ಅವರಿಗೆ ಅನುಮಾನ ಬಂದು, ಹಲ್ಲಿಗೆ ಕೈ ಹಾಕದೆ, ರಕ್ತ ಪರೀಕ್ಷೆಗೆ ಬರೆದು, ಹಳೇ ಕಾಗದ ತಗೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ಇನ್ನೊಂದು ವಾರ ಹಲ್ಲುನೋವು, ಇನ್ನೊಂದು ಸಲದ ಬಸ್ಸು, ಸೊಸೆಗೆ ಇನ್ನೊಂದು ದಿನದ ಕೂಲಿ ಹೋಯ್ತು. ನಮ್ಮ ಗೆಳೆಯ ಊರಿಗೆ ಹೋದಾಗ ಅಜ್ಜಿ ಬೈಯಲೂ ಇಲ್ಲ. "ಅಲ್ಲ ಕಣ್ ಮಗ, ನೀವ್ ಕೊಟ್ಟಿದ್ ಚೀಟೀಲಿ ಏನೂ ಇಲ್ವಂತಲ್ಲೋ" ಅಂದರಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಏನಾಗಿತ್ತು ಅಂದ್ರೆ, ನಮ್ಮ ಕೋಡಿನೊಳಗೆ ಅಜ್ಜಿಯ ಮಾಹಿತಿ ಇರಲೇ ಇಲ್ಲ. ಇದ್ದದ್ದು ಒಂದು ಲಿಂಕ್. ಅದು ಒಂದು ಉಚಿತ ಸರ್ವರ್‌ನಲ್ಲಿರುವ ಡೇಟಾಬೇಸಿಗೆ ಹೋಗುತ್ತಿತ್ತು. ಆ ಅಕೌಂಟ್ ಇದ್ದವನು ರಿವ್ಯೂ ಮುಗಿಸಿ ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋದ. ಅವಧಿ ಮುಗಿಯುತ್ತೆ ಅನ್ನುವ ಮೇಲ್ ಬಂದಿತ್ತಂತೆ, ನೂರು ಮೇಲ್‌ಗಳ ನಡುವೆ. ಗೂಳೂರಿನ ಗಣಪ ಕೆರೆ ಸೇರಿದ ಮೇಲೆ ನಮ್ಮ ಡೇಟಾಬೇಸೂ ವಿಸರ್ಜನೆ ಆಯ್ತು. ಗಣಪನನ್ನಾದರೂ ಮುಂದಿನ ವರ್ಷ ಮತ್ತೆ ಮಾಡುವವರಿದ್ದಾರೆ.

ಇದು ನಮ್ಮ ಐವರ ಕಥೆ ಮಾತ್ರ ಅಲ್ಲ ಅಂತ ನಮ್ಮ ವಾದ. ಹ್ಯಾಕಥಾನ್ ಇರಲಿ, ಪ್ರಾಜೆಕ್ಟ್ ಎಕ್ಸ್‌ಪೋ ಇರಲಿ, ಕ್ಯೂಆರ್ ಬಳಸಿ ರೋಗಿಯ ಮಾಹಿತಿ ಅನ್ನುವ ಪೋಸ್ಟರ್ ಒಂದಾದರೂ ಇದ್ದೇ ಇರುತ್ತೆ. ಬಹುತೇಕ ಎಲ್ಲದರಲ್ಲೂ ಒಂದೇ ಚಿತ್ರ: ಕೋಡ್, ಬಾಣ, ಕ್ಲೌಡ್, ಬಾಣ, ಸ್ಟೆತಾಸ್ಕೋಪ್ ಹಾಕಿಕೊಂಡ ಡಾಕ್ಟರ್. ಆ ಕ್ಲೌಡಿನ ಬಾಡಿಗೆ ಮುಂದಿನ ವರ್ಷ ಯಾರು ಕಟ್ಟುತ್ತಾರೆ ಅಂತ ಯಾವ ಪೋಸ್ಟರೂ ಹೇಳಲ್ಲ, ಯಾವ ಜಡ್ಜೂ ಕೇಳಲ್ಲ.

ಅಂಗಡಿ ಗಲ್ಲದ ಯುಪಿಐ ಕೋಡ್ ಹಾಗಾದರೆ ವರ್ಷಗಟ್ಟಲೆ ಹೇಗೆ ನಡೆಯುತ್ತೆ? ಅದರೊಳಗೂ ದುಡ್ಡೇನಿಲ್ಲ, ಅಂಗಡಿಯವನ ಯುಪಿಐ ವಿಳಾಸ ಮಾತ್ರ ಇದೆ. ಆದರೆ ಆ ವಿಳಾಸಕ್ಕೆ ಹಿಂದುಗಡೆ ಬ್ಯಾಂಕು, ಎನ್‌ಪಿಸಿಐ ಅಂತ ಜವಾಬ್ದಾರಿ ಹೊತ್ತವರು ಇದ್ದಾರೆ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತವರ ತಂಡ ಈ ಕೋಡ್ ಕಂಡುಹಿಡಿದದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ. ಅಲ್ಲೂ ಕೋಡಿನ ಆಚೆ ಒಂದು ಫ್ಯಾಕ್ಟರಿಯೇ ನಿಂತಿತ್ತು. ನಮ್ಮ ಲಿಂಕಿನ ಹಿಂದೆ ಇದ್ದದ್ದು ಒಬ್ಬ ಏಳನೇ ಸೆಮಿಸ್ಟರ್ ಹುಡುಗ.

ಹಿಂದೆ ಯಾರೂ ಇಲ್ಲ ಅಂದ ಮೇಲೆ ಲಿಂಕ್ ಹಾಕಬಾರದು, ಮಾಹಿತಿಯನ್ನೇ ಕೋಡಿನೊಳಗೆ ಬರೆಯಬೇಕು. ಜಾಗ ಇದೆಯಾ? ಧಾರಾಳವಾಗಿ ಇದೆ. ಕ್ಯೂಆರ್‌ನಲ್ಲಿ 40 ಗಾತ್ರಗಳಿವೆ. ಅತಿ ಚಿಕ್ಕದು 21 ಗುಣಿಸು 21 ಚೌಕ, ಅತಿ ದೊಡ್ಡದು 177 ಗುಣಿಸು 177, ಅದರಲ್ಲಿ 2953 ಬೈಟ್ ಹಿಡಿಯುತ್ತೆ. ಅಷ್ಟು ಬೇಡ. 10ನೇ ಗಾತ್ರ, ಅಂದ್ರೆ 57 ಗುಣಿಸು 57 ಚೌಕದ್ದು, ಮಧ್ಯಮ ಮಟ್ಟದ ದೋಷ ತಿದ್ದುವಿಕೆಯ ಜೊತೆಗೆ 213 ಬೈಟ್ ಹಿಡಿಯುತ್ತೆ. ಕವಾಟ ಬದಲಾಗಿದೆ, ಈ ಮಾತ್ರೆ ನಡೀತಿದೆ, ಇಂಥ ಔಷಧಿ ಆಗಲ್ಲ, ಸೊಸೆಯ ಫೋನ್ ನಂಬರ್ ಇದು: ಇಂಗ್ಲಿಷಿನಲ್ಲಿ ಚುಟುಕಾಗಿ ಬರೆದರೆ ಅಷ್ಟರಲ್ಲೇ ಮುಗಿಯುತ್ತೆ. ಇಂಟರ್ನೆಟ್ ಬೇಡ, ಸರ್ವರ್ ಬೇಡ, ಲಾಗಿನ್ ಬೇಡ. ಗೂಳೂರಿನ ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೂ ಓದಬಹುದು.

ಕನ್ನಡದಲ್ಲೇ ಬರೆಯಬಹುದಲ್ಲ ಅಂತ ಕ್ಲಬ್ಬಿನವರಾದ ನಾವೇ ಮೊದಲು ಕೇಳಿಕೊಂಡೆವು. ಬರೆಯಬಹುದು, ಸ್ವಲ್ಪ ದುಬಾರಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಗೂಳೂರು ಅನ್ನುವುದು ಕಣ್ಣಿಗೆ ಮೂರೇ ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ, ಕೋಡಿನಲ್ಲಿ 18 ಬೈಟ್. ಜಪಾನಿನವರು ತಮ್ಮ ಕಾಂಜಿ ಲಿಪಿಗೆ ಬೇರೆಯೇ ಒಂದು ವಿಧಾನ ಇಟ್ಟುಕೊಂಡು ಅಕ್ಷರಕ್ಕೆ 13 ಬಿಟ್‌ನಲ್ಲಿ ಮುಗಿಸುತ್ತಾರೆ. ಕಂಡುಹಿಡಿದವರ ಭಾಷೆಗೆ ಆ ಅನುಕೂಲ ಇದ್ದೇ ಇರುತ್ತೆ ಬಿಡಿ. ಕೊನೆಗೆ ನಾವು ಮಾಡಿಕೊಂಡ ತೀರ್ಮಾನ: ಕೋಡಿನೊಳಗೆ ಡಾಕ್ಟ್ರಿಗೆ ಬೇಕಾದ್ದು ಇಂಗ್ಲಿಷಿನಲ್ಲಿ, ಔಷಧಿಯ ಬ್ರಾಂಡ್ ಹೆಸರಲ್ಲ, ಮೂಲ ಹೆಸರು. ಕೋಡಿನ ಪಕ್ಕದಲ್ಲಿ, ಕಾಗದದ ಮೇಲೆ, ಅದೇ ವಿಷಯ ದಪ್ಪ ಕನ್ನಡ ಅಕ್ಷರದಲ್ಲಿ. "ನನಗೆ ಹೃದಯದ ಕವಾಟ ಬದಲಾಗಿದೆ, ರಕ್ತ ತೆಳುವಾಗಲು ಮಾತ್ರೆ ತಗೊಳ್ತೀನಿ" ಅಂತ ಅಜ್ಜಿಯ ಮೊಮ್ಮಗಳು ಓದಿ ಹೇಳಬಹುದು, ಆಟೊ ಡ್ರೈವರ್ ಓದಿ ಹೇಳಬಹುದು. ನಿಜ ಹೇಳಬೇಕಂದ್ರೆ ಆ ಕನ್ನಡ ಸಾಲು ಮೊದಲ ಚೀಟಿಯಲ್ಲೇ ಇದ್ದಿದ್ದರೆ ಫೆಬ್ರವರಿಯಲ್ಲಿ ಕೋಡೇ ಬೇಕಿರಲಿಲ್ಲ. ನಾವು ಆಗ ಚೀಟಿಯ ಅರ್ಧ ಭಾಗ ಕಾಲೇಜಿನ ಲೋಗೊಗೆ ಕೊಟ್ಟಿದ್ದೆವು.

ಇನ್ನೊಂದು, ರಕ್ತದ ಗುಂಪು. ಎಲ್ಲ ಪ್ರಾಜೆಕ್ಟುಗಳಲ್ಲೂ ಮೊದಲ ಕಾಲಂ ಅದೇ. ಚೀಟಿಯಲ್ಲಿ ಏನೇ ಬರೆದಿದ್ದರೂ ರಕ್ತ ಕೊಡುವ ಮುಂಚೆ ಆಸ್ಪತ್ರೆಯವರು ಮತ್ತೆ ಪರೀಕ್ಷೆ ಮಾಡಿ, ಹೊಂದಾಣಿಕೆ ನೋಡಿಯೇ ಕೊಡುತ್ತಾರೆ. ಆ ಜಾಗವನ್ನು ಅಲರ್ಜಿಗೆ ಕೊಡಿ.

ಮಾಹಿತಿ ಕೋಡಿನೊಳಗೇ ಇರಬೇಕು ಅನ್ನುವುದು ನಮ್ಮ ಸ್ವಂತ ಬುದ್ಧಿಯೇನಲ್ಲ. 2021ರಲ್ಲಿ ಎಲ್ಲರ ಫೋನಿನಲ್ಲೂ ಇದ್ದ ಕೋವಿನ್ ಲಸಿಕೆ ಪ್ರಮಾಣಪತ್ರದ ಕ್ಯೂಆರ್ ನೆನಪಿದೆಯಾ? ಅದರಲ್ಲಿ ಪ್ರಮಾಣಪತ್ರದ ವಿವರವೇ ಡಿಜಿಟಲ್ ಸಹಿ ಸಮೇತ ಅಡಗಿತ್ತು. ಸಾರ್ವಜನಿಕ ಕೀಲಿ ಇದ್ದರೆ ಅದು ಅಸಲಿಯೋ ನಕಲಿಯೋ ಅಂತ ಸರ್ವರ್ ಕೇಳದೆಯೂ ಹೇಳಬಹುದಿತ್ತು. ಅದಕ್ಕೆ ಬಳಸಿದ ಡಿವೋಕ್ ಅನ್ನುವ ತೆರೆದ ತಂತ್ರಾಂಶ ಬೆಂಗಳೂರಿನ ಈ-ಗವ್ ಫೌಂಡೇಶನ್‌ನದು. ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಆಗಿರುವ ಕೆಲಸ, ಕೋಡೂ ಓದಲು ಸಿಗುತ್ತೆ. ನಾವು ನೋಡಿರಲಿಲ್ಲ.

ಇಲ್ಲಿಗೆ ಮುಗೀತಾ ಅಂದ್ರೆ ಇಲ್ಲ. ಕೋಡಿನೊಳಗೆ ಬರೆದದ್ದು ಕಲ್ಲಿನ ಶಾಸನ ಇದ್ದ ಹಾಗೆ, ತಿದ್ದಕ್ಕಾಗಲ್ಲ. ವಾರ್ಫರಿನ್ ಪ್ರಮಾಣ ಐಎನ್‌ಆರ್ ನೋಡಿಕೊಂಡು ಬದಲಾಗುತ್ತಾ ಇರುತ್ತೆ. ಕಾರ್ತಿಕದಲ್ಲಿ ಬರೆದ ಪ್ರಮಾಣವನ್ನು ಯುಗಾದಿಯಲ್ಲಿ ಓದಿದವರು ಅದನ್ನೇ ನಂಬಿದರೆ? ಏನೂ ಬರದ ಚೀಟಿಗಿಂತ ತಪ್ಪು ಹೇಳುವ ಚೀಟಿ ಅಪಾಯ. ಹಾಗಾಗಿ ಪ್ರಮಾಣ ಬೇಡ. ಔಷಧಿಯ ಹೆಸರು, ಬರೆದ ತಾರೀಖು, ಯಾವ ಆಸ್ಪತ್ರೆಯ ಕಾಗದ ನೋಡಿ ಬರೆದದ್ದು, ಇಷ್ಟು ಸಾಕು. ಉಳಿದದ್ದನ್ನು ಡಾಕ್ಟ್ರು ಕೇಳಿಕೊಳ್ಳುತ್ತಾರೆ, ಕೇಳಬೇಕು ಅನ್ನುವ ಸುಳಿವು ಕೊಟ್ಟರೆ ಆಯ್ತು. ಮತ್ತೆ, ಚೀಲ ಬಿಸಾಡಿ ಅಂತ ಯಾರಿಗೂ ಹೇಳಬಾರದು.

ಗುಟ್ಟಿನ ವಿಷಯ ಬರೋಣ. ನಮ್ಮ ಹಳೇ ಲಿಂಕಿನ ಕೊನೆಗೆ ಒಂದು ನಂಬರ್ ಇತ್ತು. ಅಲ್ಲಿ 17 ಇದ್ದದ್ದನ್ನು 18 ಮಾಡಿದರೆ ಪಕ್ಕದ ಮನೆಯವರ ಶುಗರ್, ಬಿಪಿ, ಆಪರೇಶನ್ನು ಎಲ್ಲ ತೆರೆದುಕೊಳ್ಳುತ್ತಿತ್ತು. ವೆಬ್ ಸೆಕ್ಯುರಿಟಿ ಪರೀಕ್ಷೆಯಲ್ಲಿ ಇದರ ಬಗ್ಗೆ ಹತ್ತು ಅಂಕಕ್ಕೆ ಬರೆದವರೇ ನಾವು. ಆ ದೃಷ್ಟಿಯಿಂದ ಸರ್ವರ್ ಸತ್ತದ್ದೇ ಒಳ್ಳೇದಾಯ್ತು. ಹೊಸ ಬಗೆಯಲ್ಲೂ ಅಪಾಯ ತಪ್ಪಿಲ್ಲ: ಚೀಟಿ ಸಿಕ್ಕ ಯಾರು ಬೇಕಾದರೂ ಓದಬಹುದು. ಆದ್ದರಿಂದ ಏನು ಬರೆಯಬೇಕು ಅನ್ನುವುದನ್ನು ಚೀಟಿಯವರೇ ಹೇಳಬೇಕು, ಅದೂ ನಾಲ್ಕು ಜನರ ಎದುರಿಗೆ ಅಲ್ಲ. ದೇವಸ್ಥಾನದ ಮುಂದೆ ಟೇಬಲ್ ಹಾಕಿ, ಸಾಲಿನಲ್ಲಿ ನಿಲ್ಲಿಸಿ, "ಅಮ್ಮ, ನಿಮ್ಗೆ ಏನು ಕಾಯಿಲೆ?" ಅಂತ ಜೋರಾಗಿ ಕೇಳಿದ್ದೆವು. ಹಿಂದೆ ನಿಂತವರಿಗೆಲ್ಲ ಕೇಳಿಸಿರುತ್ತೆ.

ಸರ್ಕಾರದ ಆಭಾ ಇದೆಯಲ್ಲ, ನೀವ್ಯಾಕೆ ತಲೆ ಕೆಡಿಸಿಕೊಳ್ತೀರಿ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶವಿಡೀ ಶುರುವಾಯಿತು, ಆಭಾ ಅದರ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತೆ, ನೀವು ಇಷ್ಟು ದಿನದ ಮಟ್ಟಿಗೆ ಅಂತ ಒಪ್ಪಿಗೆ ಕೊಟ್ಟರೆ ಮಾತ್ರ ಇನ್ನೊಬ್ಬ ಡಾಕ್ಟ್ರಿಗೆ ಹೋಗುತ್ತೆ. ನಮ್ಮ ಲಿಂಕಿಗಿಂತ ಸಾವಿರ ಪಾಲು ಯೋಚನೆ ಮಾಡಿ ಕಟ್ಟಿದ್ದು, ಹಿಂದೆ ಜವಾಬ್ದಾರಿ ಹೊತ್ತವರೂ ಇದ್ದಾರೆ. ಅದರ ಕ್ಯೂಆರ್ ಉಪಯೋಗ ಹೆಚ್ಚಾಗಿ ಕಾಣುವುದು ಓಪಿಡಿ ಚೀಟಿ ಮಾಡಿಸುವ ಕಡೆ. 2022ರ ಅಕ್ಟೋಬರ್‌ನಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಶುರುವಾಗಿ ಕರ್ನಾಟಕಕ್ಕೂ ಬಂತು. ಆಸ್ಪತ್ರೆ ಗೋಡೆಯ ಕೋಡನ್ನು ನಿಮ್ಮ ಫೋನಿಂದ ಸ್ಕ್ಯಾನ್ ಮಾಡಿದರೆ ನಿಮ್ಮ ಹೆಸರು, ವಯಸ್ಸು, ವಿಳಾಸ ಕೌಂಟರಿಗೆ ಹೋಗಿ ಟೋಕನ್ ಬರುತ್ತೆ.

ಇಲ್ಲಿ ಸ್ಕ್ಯಾನ್ ಮಾಡುವವರು ಯಾರು ಅಂತ ನೋಡಿ. ರೋಗಿ. ಫೋನ್ ಇರಬೇಕಾದ್ದು ರೋಗಿಯ ಕೈಯಲ್ಲಿ. ಅಜ್ಜಿಯ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಆಧಾರಿಗೆ ಜೋಡಿಸಿದ ನಂಬರ್ ಮಗನದು, ಮಗ ಪೀಣ್ಯದ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿರುತ್ತಾನೆ, ಒಟಿಪಿ ಅಲ್ಲಿಗೆ ಹೋಗುತ್ತೆ. ಇವರು ಆಸ್ಪತ್ರೆಯಿಂದ ಫೋನ್ ಮಾಡಿ, ಅವನು ಊಟದ ಬಿಡುವಿನಲ್ಲಿ ನೋಡಿ ಹೇಳುವಷ್ಟರಲ್ಲಿ ಒಟಿಪಿ ಸತ್ತಿರುತ್ತೆ. ಸ್ಕ್ಯಾನ್ ಮಾಡುವವರು ಪಕ್ಕಕ್ಕೆ ಸರಿದರೆ ಅಜ್ಜಿಯ ಸಾಲೂ ಸ್ವಲ್ಪ ಕರಗುತ್ತೆ ಅನ್ನುವುದೂ ನಿಜವೇ. ಆದರೂ ಆಭಾ ಕಾರ್ಡನ್ನು ಕಾಗದದಲ್ಲಿ ಕೊಟ್ಟು ಆಸ್ಪತ್ರೆಯವರೇ ಅದನ್ನು ಸ್ಕ್ಯಾನ್ ಮಾಡುವ ಕಡೆಗೆ ಹೆಚ್ಚು ಒತ್ತು ಬೀಳಬೇಕು ಅನ್ನುವುದು ನಮ್ಮ ಅಭಿಪ್ರಾಯ. ಕ್ಯಾಮೆರಾ ಇರುವವರು ಸ್ಕ್ಯಾನ್ ಮಾಡಲಿ, ಕಾಗದ ಇರುವವರು ಕಾಗದ ತೋರಿಸಲಿ. ಸರ್ವರ್ ಬಿದ್ದ ದಿನಕ್ಕೂ ಅದೇ ಕಾಗದ ಬೇಕು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿ ಆದಾಗ ದೇಶದ ಅಷ್ಟು ದೊಡ್ಡ ಆಸ್ಪತ್ರೆಯೇ ದಿನಗಟ್ಟಲೆ ಕೈಬರಹಕ್ಕೆ ಮರಳಬೇಕಾಯ್ತು.

ಡಾಕ್ಟ್ರ ಕಡೆಯಿಂದಲೂ ಯೋಚಿಸಿ. ಹೊರಗೆ ಸಾಲು ನಿಂತಿದೆ, ಒಬ್ಬರಿಗೆ ಎರಡು ಮೂರು ನಿಮಿಷ. ಅವರು ತಮ್ಮ ಸ್ವಂತ ಫೋನ್ ತೆಗೆದು ಸ್ಕ್ಯಾನ್ ಮಾಡಬೇಕು, ಗೊತ್ತಿಲ್ಲದ ಲಿಂಕ್ ಒತ್ತಬೇಕು, ನಾವು ಕೊಟ್ಟ ಲಾಗಿನ್ ಪುಟದಲ್ಲಿ ಹೆಸರು ನೋಂದಾಯಿಸಬೇಕು. ಯಾರು ಮಾಡ್ತಾರೆ? ಅಪರಿಚಿತ ಕ್ಯೂಆರ್ ಲಿಂಕ್ ಒತ್ತಬೇಡಿ ಅಂತ ಬ್ಯಾಂಕಿನವರು ದಿನಾ ಮೆಸೇಜ್ ಕಳಿಸ್ತಿರುವ ಕಾಲ ಇದು. ನಮ್ಮ ಅಜ್ಜಿಯ ಡಾಕ್ಟ್ರು ಎರಡು ಸಲ ಪ್ರಯತ್ನಪಟ್ಟಿದ್ದೇ ದೊಡ್ಡ ಮಾತು.

ಆ ಅರ್ಧ ಸ್ಟ್ರಿಪ್ಪಿನ ವಿಷಯ ಬಿಟ್ಟುಹೋಯ್ತು. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡ್ ಔಷಧಿಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಇರಲೇಬೇಕು ಅಂತ ಕೇಂದ್ರ ಸರ್ಕಾರದ ನಿಯಮ ಇದೆ. ಸ್ಕ್ಯಾನ್ ಮಾಡಿದರೆ ಔಷಧಿಯ ಮೂಲ ಹೆಸರು, ಬ್ಯಾಚ್ ನಂಬರ್, ತಯಾರಾದ ಮತ್ತು ಮುಗಿಯುವ ದಿನಾಂಕ, ತಯಾರಕರ ಲೈಸೆನ್ಸ್ ನಂಬರ್ ಸಿಗಬೇಕು. ಒಳ್ಳೆಯ ನಿಯಮ. ಆದರೆ ನಮ್ಮ ಕಡೆ ಮೆಡಿಕಲ್ ಸ್ಟೋರಿನಲ್ಲಿ ಹತ್ತು ಮಾತ್ರೆಯ ಸ್ಟ್ರಿಪ್ ಕೊಳ್ಳುವವರು ಎಷ್ಟು, "ನಾಕ್ ಕೊಡಪ್ಪ ಸಾಕು" ಅನ್ನುವವರು ಎಷ್ಟು? ಕತ್ತರಿ ಬಿದ್ದ ಮೇಲೆ ಕೋಡ್ ಒಬ್ಬರ ಪಾಲಿಗೆ, ಮಾತ್ರೆ ಇನ್ನೊಬ್ಬರ ಪಾಲಿಗೆ. ಜಾಗ ಸಾಲದಿದ್ದರೆ ಹೊರಗಿನ ಡಬ್ಬಿಯ ಮೇಲೆ ಹಾಕಬಹುದು ಅಂತಲೂ ಇದೆ, ಆ ಡಬ್ಬಿ ಅಂಗಡಿಯಲ್ಲೇ ಉಳಿಯುತ್ತೆ. ಪ್ರತಿ ಮಾತ್ರೆಯ ಹಿಂದೆ ಹೆಸರು ಉಳಿಯುವ ಹಾಗೆ ಫಾಯಿಲ್ ಮೇಲೆ ಮುದ್ರಿಸುವುದು ಹೇಗೆ ಅನ್ನುವುದು ಮೆಕ್ಯಾನಿಕಲ್‌ನವರಿಗೆ ಒಳ್ಳೇ ಪ್ರಾಜೆಕ್ಟು. ಎಐ ಅಂತ ಪದ ಸೇರಿಸಲು ಜಾಗ ಇಲ್ಲದಿರಬಹುದು, ಅದೊಂದು ಕೊರತೆ.

ನಮ್ಮ ಕಾಲೇಜಿಗೆ, ನಮ್ಮ ಗೈಡ್‌ಗಳಿಗೆ ಒಂದು ಕೋರಿಕೆ. ಪ್ರಾಜೆಕ್ಟ್ ಊರಿನ ಜನರ ಕೈಗೆ ಏನಾದರೂ ಕೊಟ್ಟು ಬರುವಂಥದ್ದಾದರೆ, ಕೊನೆ ರಿವ್ಯೂ ಆದ ಆರು ತಿಂಗಳ ಮೇಲೆ ಇನ್ನೊಂದು ಪುಟ್ಟ ರಿವ್ಯೂ ಇಡಿ. ಪಿಪಿಟಿ ಬೇಡ. ಕೊಟ್ಟ ವಸ್ತುವನ್ನು ಕೊಟ್ಟವರ ಮನೆಯಲ್ಲೇ ಸ್ಕ್ಯಾನ್ ಮಾಡಿ ತೋರಿಸಲಿ. ಸೀನಿಯರ್‌ಗಳು ಹೊರಡುವಾಗ ಪಾಸ್‌ವರ್ಡನ್ನು ಜೂನಿಯರ್‌ಗಳಿಗೆ ಒಪ್ಪಿಸಿ ಸಹಿ ಮಾಡಿ ಹೋಗಲಿ, ಹಾಸ್ಟೆಲ್ ರೂಮಿನ ಬೀಗದ ಕೈ ಒಪ್ಪಿಸುವ ಹಾಗೆ. ಅಂಕ ಕೊಡದಿದ್ದರೂ ಪರವಾಗಿಲ್ಲ. ಕೊಟ್ಟರೆ ಬೇಡ ಅನ್ನಲ್ಲ.

ನಾವು ಮೂರು ಭಾನುವಾರ ಗೂಳೂರಿಗೆ ಹೋಗಿ ಹಳೇ ಚೀಟಿ ವಾಪಸ್ ತಗೊಂಡು ಹೊಸದು ಕೊಟ್ಟಿದ್ದೇವೆ: ಒಂದು ಬದಿ ದಪ್ಪ ಕನ್ನಡ, ಇನ್ನೊಂದು ಬದಿ ಕೋಡ್, ಮೂಲೆಯಲ್ಲಿ ತಾರೀಖು. ಲೋಗೊ ಇಲ್ಲ. ಈ ಸಲ ಮನೆಯೊಳಗೆ ಕೂತು ಕೇಳಿ ಬರೆದೆವು, ಏನು ಬರೆದಿದ್ದೇವೆ ಅಂತ ಓದಿ ಹೇಳಿದೆವು, ಬೇಡ ಅಂದದ್ದನ್ನು ಅಳಿಸಿದೆವು. ಇಬ್ಬರು ಚೀಟಿಯೇ ಬೇಡ ಅಂದರು, ಬಿಟ್ಟು ಬಂದೆವು. ಹಲ್ಲಿನ ಅಜ್ಜಿ ಹೊಸ ಚೀಟಿಯನ್ನು ಸಂಚಿಯಲ್ಲಿ ಮಾತ್ರೆ ಪಕ್ಕ ಇಟ್ಟುಕೊಂಡು, ಚೀಲವನ್ನೂ ನಮ್ಮ ಮುಂದೆಯೇ ಮತ್ತೆ ಗೂಟಕ್ಕೆ ನೇತುಹಾಕಿದರು.

ಇನ್ನೂ ಹನ್ನೊಂದು ಮನೆ ಬಾಕಿ ಇವೆ. ಕೆಲವರು ಮಗಳ ಮನೆಗೆ, ಕೆಲವರು ಕೆಲಸಕ್ಕೆ ಅಂತ ಹೋಗಿದ್ದರು, ಹಳೇ ಚೀಟಿ ಅವರ ಹತ್ತಿರವೇ ಇದೆ. ಬರುವ ಭಾನುವಾರ ಬೆಳಗ್ಗೆ ಎಂಟಕ್ಕೆ ಕಾಲೇಜ್ ಗೇಟಿನಿಂದ ಹೊರಡುತ್ತೇವೆ, ಸಿಟಿ ಬಸ್ಸಿನಲ್ಲಿ. ಕೈಬರಹ ಚೆನ್ನಾಗಿರುವ ಇಬ್ಬರು ಬೇಕು.